ಬೇಲಿಗೆ ಗೊತ್ತು, ಡಾಕ್ಟರಿಗೆ ಗೊತ್ತಿಲ್ಲ

ನಾಗಪುರದ ಪಕ್ಕದ ನಮ್ಮ ಕಾಮಠಿಯಲ್ಲಿ ಯಾರಿಗೆ ಯಾವ ಆಪರೇಷನ್ ಅನ್ನೋದು ಆಸ್ಪತ್ರೆಯ ರಿಜಿಸ್ಟರಿಗೆ ಏರುವ ಮೊದಲೇ ಬೇಲಿಗೆ ಗೊತ್ತಾಗಿರುತ್ತದೆ. ನಮ್ಮ ಯಜಮಾನರ ಹರ್ನಿಯಾ ವಿಷಯವೂ ಹಾಗೇ. ನಾನು ಬಾಯಿ ಬಿಟ್ಟಿರಲಿಲ್ಲ, ಅವರಂತೂ ‘ಏನೋ ಒಂದು ಸಣ್ಣ ಗಂಟು’ ಅಂತ ಹೇಳಿಕೊಂಡು ತಿರುಗುತ್ತಿದ್ದರು. ಆದರೂ ಹಾಲಿನವನಿಗೆ ಗೊತ್ತು, ಇಸ್ತ್ರಿಯವನಿಗೆ ಗೊತ್ತು, ಎದುರು ಮನೆಯ ತೆಲುಗು ಅಜ್ಜಿಗೂ ಗೊತ್ತು. ಆ ಅಜ್ಜಿಯ ಮನೆತನ ಬ್ರಿಟಿಷರ ಕಾಲದ ಮದ್ರಾಸ್ ಪಲ್ಟಣದ ಬೆನ್ನಿಗೆ ವ್ಯಾಪಾರಕ್ಕಂತ ಇಲ್ಲಿಗೆ ಬಂದದ್ದು. 1821ರಲ್ಲಿ ಕನ್ಹಾನ್ ಹೊಳೆಯ ದಂಡೆಗೆ ಕಂಟೋನ್ಮೆಂಟ್ ಆದ ಮೇಲೆ ಹುಟ್ಟಿದ ಊರು ಇದು. ನಾವು ನಾಕಾರು ಕನ್ನಡದ ಮನೆಯವರು ಕಲ್ಲಿದ್ದಲು ಗಣಿ, ರೈಲ್ವೆ, ಬ್ಯಾಂಕು ಅಂತ ಬಹಳ ತಡವಾಗಿ ಬಂದು ಸೇರಿಕೊಂಡವರು.

ವಿಷಯ ಗೊತ್ತಾದವರೆಲ್ಲ ಕೇಳಿದ್ದು ಎರಡೇ. ಸರ್ಜನ್ ಯಾರು? ಖರ್ಚೆಷ್ಟು? ಪಕ್ಕದ ಮನೆ ಅಕ್ಕ ಒಬ್ಬರೇ ಬೇರೆ ಪ್ರಶ್ನೆ ಕೇಳಿದರು. ಅಕ್ಕ ಕಲಬುರ್ಗಿಯವರು, ನಾಗಪುರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಓಟಿ ಸಿಸ್ಟರಾಗಿದ್ದು ರಿಟೈರಾದವರು. ನಾನು ಸಾಗರದ ಕಡೆಯವಳು. ಅವರ ಕನ್ನಡ ನನಗೆ ಅರ್ಧ, ನನ್ನದು ಅವರಿಗೆ ಅರ್ಧ ತಿಳಿದು, ಉಳಿದದ್ದಕ್ಕೆ ಮರಾಠಿಯನ್ನು ಕರೆದುಕೊಂಡು ನಮ್ಮ ಸಂಸಾರ ನಡೆದಿದೆ.

“ತಂಗೀ, ಭೂಲ್ ಡಾಕ್ಟರ್ ಯಾರಂತ?” ಅಂದರು, ಮೆಹಂದಿ ಬೇಲಿಯ ಆಚೆಯಿಂದ, ಕೈಯಲ್ಲಿ ಕರಿಬೇವಿನ ಕಡ್ಡಿ ಹಿಡಿದುಕೊಂಡು.

“ಅದೆಲ್ಲ ಕೇಳಿಲ್ಲ ಅಕ್ಕಾ. ಸರ್ಜನ್ ಮಾತ್ರ ಒಳ್ಳೆಯವರಂತೆ.”

“ಕೊಯ್ಯಾಂವ ಕೊಯ್ತಾನ, ಅದರಾಗೇನದ? ಕೊಯ್ಯೂತನಕ ನಿನ್ನ ಗಂಡನ ಉಸಿರು ಕಾಯಾಂವ ಬ್ಯಾರೆ ಇರ್ತಾನ. ಅಂವನ ಹೆಸರ ಕೇಳಲಾರ್ದ ಬಂದೀಯಲ್ಲ!”

ಅರಿವಳಿಕೆ ಡಾಕ್ಟರ ಪಾಡೇ ಹೀಗೆ. ಮದುವೆಗೆ ಹೋದವರು ಅಡುಗೆಯವನನ್ನು ಹೊಗಳಿ ಬರುತ್ತಾರೆ, ವಾಲಗದವನನ್ನು ಹೊಗಳಿ ಬರುತ್ತಾರೆ, ಬೆಳಗಿನ ಜಾವಕ್ಕೆದ್ದು ನೀರು ಕಾಯಿಸಿದವನ ಮುಖವನ್ನು ಯಾರೂ ನೋಡಿರುವುದಿಲ್ಲ. ರೋಗಿಗೆ ಎಚ್ಚರ ಇರುವಾಗ ಎರಡು ನಿಮಿಷ ಕಂಡು, ಎಚ್ಚರ ತಪ್ಪಿದ ಮೇಲೆ ಅಷ್ಟೂ ಹೊತ್ತು ತಲೆಯ ಹತ್ತಿರವೇ ಕೂತು, ಮತ್ತೆ ಎಚ್ಚರ ಬರೋ ಹೊತ್ತಿಗೆ ಮುಂದಿನ ಕೇಸಿಗೆ ಹೋಗಿಬಿಟ್ಟಿರುತ್ತಾರೆ.

“ಒಂದು ಇಂಜೆಕ್ಷನ್ ಕೊಡ್ತಾರೆ, ನಿದ್ದೆ ಬರುತ್ತೆ. ಅಷ್ಟೇ ತಾನೇ?” ಅಂದೆ. ಅಕ್ಕನಿಗೆ ಇಷ್ಟು ಸಾಕು. ಕರಿಬೇವನ್ನು ಬೇಲಿಯ ಮೇಲೆ ಇಟ್ಟರು.

“ಒಂದ್ ಸೂಜೀನಾ? ಟ್ರೇದಾಗ ಸಾಲಾಗಿ ಇಟ್ಟಿರ್ತಿದ್ವಿ ನಾವು, ಒಂದೊಂದಕ್ಕ ಹೆಸರ ಬರದು ಪಟ್ಟಿ ಹಚ್ಚಿ. ನೋವು ಕೊಲ್ಲಾಕ ಫೆಂಟನಿಲ್. ಎಚ್ಚರ ತಪ್ಪಸಾಕ ಪ್ರೊಪೋಫಾಲ್. ಮೈ ಸಡ್ಲ ಬಿಡಾಕ ಅಟ್ರಾ ಇಲ್ಲಾಂದ್ರ ವೆಕ್. ಬಾಯಾಗಿನ ಜೊಲ್ಲು ಆರಾಕ ಗ್ಲೈಕೊ. ವಾಂತಿ ತಡಿಯಾಕ ಒಂದು. ಎಲ್ಲಾ ಮುಗದ ಮ್ಯಾಲ ಸಡ್ಲ ಬಿಟ್ಟ ಮೈ ತಿರುಗಿ ಬಿಗಿ ಆಗಾಕ ರಿವರ್ಸಲ್. ನಿದ್ದಿ ಅಂತ ಯಾರಂದ್ರು? ನಿದ್ದ್ಯಾಗ ಚಿವುಟಿದ್ರ ಎದ್ದು ಕುಂಡ್ರತೀ. ಅಲ್ಲಿ ಹೊಟ್ಟಿ ಕೊಯ್ದ್ರೂ ಏಳಂಗಿಲ್ಲ.”

ಪ್ರೊಪೋಫಾಲ್ ಕೊಡೋದನ್ನು ಅಕ್ಕ ಕೈಸನ್ನೆಯಲ್ಲೇ ತೋರಿಸಿದರು. ಹಾಲಿನ ಬಣ್ಣದ್ದು, ಸೋಯಾ ಎಣ್ಣೆ, ಮೊಟ್ಟೆಯ ಹಳದಿಯಿಂದ ತೆಗೆದ ಲೆಸಿಥಿನ್ ಸೇರಿಸಿ ಕದಡಿದ ದ್ರಾವಣ. ನರಕ್ಕೆ ಹೋಗುವಾಗ ಕೈ ಉರಿಯುತ್ತದೆ, ಅದಕ್ಕೇ ಸ್ವಲ್ಪ ಲಿಗ್ನೊಕೇನ್ ಮುಂಚೆ ಬಿಡುತ್ತಾರೆ. ಎಣಿಸಲು ಹೇಳಿದರೆ ಕೆಲವರು ಆರೋ ಏಳೋ ಅನ್ನುವಷ್ಟರಲ್ಲಿ ಒಂದು ಆಕಳಿಕೆ. ಆಮೇಲೆ ಡಾಕ್ಟರು ಬೆರಳ ತುದಿಯಿಂದ ರೆಪ್ಪೆಕೂದಲನ್ನು ಮೆಲ್ಲಗೆ ಸವರುತ್ತಾರೆ. ರೆಪ್ಪೆ ಮಿಟುಕದಿದ್ದರೆ ಆಸಾಮಿ ಹೋದ ಅಂತ ಲೆಕ್ಕ. ಕಣ್ಣು ಅರೆತೆರೆದು ಒಣಗದಿರಲಿ ಅಂತ ಟೇಪು ಅಂಟಿಸುತ್ತಾರೆ. ಅಷ್ಟರಲ್ಲಿ ಉಸಿರೂ ನಿಂತಿರುತ್ತದೆ. ಅದಕ್ಕೇ ಗದ್ದ ಎತ್ತಿ ಹಿಡಿದು ಮುಖಕ್ಕೆ ಮಾಸ್ಕ್ ಒತ್ತಿ ಚೀಲ ಅಮುಕುತ್ತಾ ಇರಬೇಕು. 1986ರಲ್ಲಿ ಮಾರುಕಟ್ಟೆಗೆ ಬಂದ ಈ ಔಷಧ ಇವತ್ತು ಸಣ್ಣ ಪಟ್ಟಣದ ಓಟಿಯಲ್ಲೂ ಇದೆ. ಉಸಿರು ಕಾಯಲು ಪಕ್ಕದಲ್ಲಿ ಸರಿಯಾದವರು ಇಲ್ಲದೆ ಇದನ್ನೇ ಮನೆಯಲ್ಲಿ ನಿದ್ದೆಗಂತ ಹಾಕಿಸಿಕೊಂಡು 2009ರಲ್ಲಿ ಮೈಕೆಲ್ ಜಾಕ್ಸನ್ ಸತ್ತ.

“ಅದೆಲ್ಲ ಇರಲಿ ಅಕ್ಕಾ, ಆ ಮತ್ತಿನಲ್ಲಿ ಏನಾದರೂ ಬಡಬಡಿಸಿಬಿಟ್ಟರೆ?” ಅಂದೆ. ನಮ್ಮ ಯಜಮಾನರ ದೊಡ್ಡ ಹೆದರಿಕೆ ಅದೇ. ಸಾಯುವ ಹೆದರಿಕೆ ಅವರಿಗಿಲ್ಲ, ಮತ್ತಿನಲ್ಲಿ ಗುಟ್ಟು ಬಿಟ್ಟುಕೊಡುವ ಹೆದರಿಕೆ. ಏನು ಗುಟ್ಟೋ ನನಗೂ ಕುತೂಹಲವೇ.

ಈ ಹೆದರಿಕೆ ನಮ್ಮ ಜನಕ್ಕೆ ಹತ್ತಿಸಿದ್ದರಲ್ಲಿ ಟೀವಿಯ ಪಾಲು ದೊಡ್ಡದು. ನಕಲಿ ಛಾಪಾ ಕಾಗದ ಹಗರಣದ ತೆಲಗಿಗೆ ಮಂಪರು ಪರೀಕ್ಷೆ ಮಾಡಿದ ವಿಡಿಯೊ ಟೀವಿಯಲ್ಲಿ ಬಂದದ್ದು ನೆನಪಿರಬೇಕು. ಅದರಲ್ಲಿ ಬಳಸುತ್ತಿದ್ದದ್ದು ಪೆಂಟೊಥಾಲ್. 1934ರಿಂದ ಆಪರೇಷನ್ ಥಿಯೇಟರುಗಳಲ್ಲಿ ಬಳಕೆಯಲ್ಲಿದ್ದ ಔಷಧ. ನರಕ್ಕೆ ಬಿಟ್ಟ ಕೂಡಲೇ ಬಾಯಲ್ಲಿ ಬೆಳ್ಳುಳ್ಳಿ ಈರುಳ್ಳಿಯ ರುಚಿ ಬರುತ್ತದೆ ಅಂತ ರೋಗಿಗಳು ಹೇಳುವುದುಂಟು. ಅರ್ಧ ಮಂಪರಿನಲ್ಲಿ ಮನುಷ್ಯ ಮಾತಾಡುತ್ತಾನೆ, ನಿಜ. ಆದರೆ ಆಡಿದ್ದೆಲ್ಲ ನಿಜವಲ್ಲ. ಕೇಳಿದವನು ಯಾವ ಕಡೆ ಎಳೆದರೆ ಆ ಕಡೆ ಹೋಗುತ್ತಾನೆ. ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಅನ್ನುವ ಕೇಸಿನಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಒಪ್ಪಿಗೆ ಇಲ್ಲದೆ ಯಾರಿಗೂ ಈ ಪರೀಕ್ಷೆ ಮಾಡಕೂಡದು ಅಂತ ತೀರ್ಪು ಕೊಟ್ಟಿತು. ನಮ್ಮ ರಾಜ್ಯದ ಹೆಸರು ಹೊತ್ತ ತೀರ್ಪು, ನಮ್ಮವರಿಗೇ ನೆನಪಿಲ್ಲ.

ಓಟಿಯಲ್ಲಿ ಮಾತಾಡುವಷ್ಟು ಹೊತ್ತು ಅರ್ಧ ಮಂಪರಿನಲ್ಲಿ ಬಿಡುವುದೇ ಇಲ್ಲ ಅಂತ ಅಕ್ಕ ಹೇಳಿದರು. ಬಾಯಿಗೆ ಬಂದಂತೆ ಮಾತಾಡಿಸೋದು ಕೆಟಮಿನ್. 1962ರಲ್ಲಿ ಅಮೆರಿಕದಲ್ಲಿ ತಯಾರಾಗಿ, ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಬಳಕೆಯಾದ ಔಷಧ. ಉಸಿರು ನಿಲ್ಲಿಸುವುದು ಅಪರೂಪ, ಬಿಪಿ ಬೀಳಿಸುವುದಿಲ್ಲ. ಯಂತ್ರ ಇಲ್ಲದ ಕಡೆಯೂ ಮೂಳೆ ಕೂರಿಸಿಬಿಡಬಹುದು. ಆದರೆ ಕಣ್ಣು ತೆರೆದೇ ಇರುತ್ತದೆ, ಮನುಷ್ಯ ಎಲ್ಲೋ ಇರುತ್ತಾನೆ. “ಒಬ್ಬಾಂವ ಹವಾಲ್ದಾರ ಬಂದಿದ್ದ ನೋಡು, ಕೈ ಮುರಕೊಂಡು. ಕೆಟಮಿನ್ ಇಳಿಯೂತನಕ ನಮಗೆಲ್ಲಾ ಪರೇಡ್ ಮಾಡಿಸಿದ. ಸರ್ಜನ್ ಸಾಹೇಬರಿಗೆ ‘ದಾಯೇಂ ಮುಡ್’ ಅಂದ. ಅವರು ಖರೇನ ಮುಡದ್ರು, ನಕ್ಕೋತ.” ಎದ್ದ ಮೇಲೆ ಹವಾಲ್ದಾರನಿಗೆ ಒಂದೂ ನೆನಪಿಲ್ಲ. ಕೆಲವರಿಗೆ ಕೆಟ್ಟ ಕನಸುಗಳೂ ಬೀಳುತ್ತವೆ, ಅದಕ್ಕೇ ಜೊತೆಗೆ ಮಿಡಜೋಲಾಮ್ ಕೊಡುವ ರೂಢಿ.

ಮಿಡಜೋಲಾಮ್ ಇನ್ನೊಂದು ಬಗೆಯ ಪಾಕಡಾ. ಅದನ್ನು ಕೊಟ್ಟ ಮೇಲೂ ಮನುಷ್ಯ ಚೆನ್ನಾಗಿಯೇ ಮಾತಾಡುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ಆದರೆ ಅದು ಯಾವುದೂ ಅವನ ನೆನಪಿಗೆ ಹೋಗುವುದಿಲ್ಲ. ಅದು ಒಳಗೆ ಹೋದ ಮೇಲೆ ಗಂಡ ಬಂಗಾರದ ಬಳೆ ಮಾಡಿಸುತ್ತೇನೆ ಅಂದರೆ ನಂಬಬೇಡ, ಮೊದಲೇ ಬರೆಸಿಕೋ ಅಂತ ಅಕ್ಕನ ಸಲಹೆ.

“ಮತ್ತಿನಾಗ ಗುಟ್ಟು ಬಿಡ್ತೀವಿ ಅಂತ ಅಂಜ್ತಾರ ಜನ. ಗುಟ್ಟು ಬಿಡಬೇಕಾಗಿದ್ದು ಮತ್ತ ಕೊಡೂದಕ್ಕಿಂತ ಮದಲ!” ಅಂದರು ಅಕ್ಕ. ಈ ಮಾತು ನನಗೆ ಸುಮ್ಮನೆ ಬಿಡುವ ಹಾಗೆ ಕಾಣಲಿಲ್ಲ.

ಆಪರೇಷನ್ನಿಗೆ ಮುಂಚೆ ಅರಿವಳಿಕೆ ಡಾಕ್ಟರು ಒಂದು ಫಾರ್ಮು ಹಿಡಿದು ಕೇಳುತ್ತಾರೆ. ಕುಡೀತೀರಾ? ಇಲ್ಲ. ತಂಬಾಕು? ಇಲ್ಲ. ಮಾತ್ರೆ? ಇಲ್ಲ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಹೊತ್ತಲ್ಲಿ ತೊಂದರೆ? ಇಲ್ಲ. ಬೇಲಿಯ ಮೇಲೆ ಹತ್ತು ವರ್ಷದ ಪುರಾಣ ಬಿಚ್ಚುವವರು ಅಲ್ಲಿ ಗಾಂಧೀಜಿ ಆಗಿಬಿಡುತ್ತಾರೆ. ದಿನಾ ಕುಡಿಯುವವನ ಮೈಗೆ ಮತ್ತಿನ ಔಷಧ ಬೇಗ ಹತ್ತುವುದಿಲ್ಲ, ಗಾಂಜಾ ಸೇದುವವನಿಗೂ ಹೆಚ್ಚು ಬೇಕಾಗುತ್ತದೆ. ರಕ್ತ ತೆಳುವಾಗಿಸುವ ಕೆಲವು ಮಾತ್ರೆ ನಿಲ್ಲಿಸದೆ ಬೆನ್ನಿಗೆ ಸೂಜಿ ಹಾಕಿದರೆ ಒಳಗೆ ರಕ್ತ ಕಟ್ಟಿ ಕಾಲು ಹೋಗಬಹುದು. ಡಾಕ್ಟರಿಗೆ ಬೇಕಾದದ್ದು ನಮ್ಮ ಮರ್ಯಾದೆಯ ಪಟ್ಟಿ ಅಲ್ಲ, ಮೈಯ ಪಟ್ಟಿ.

ಎದುರು ಮನೆಯ ಅಜ್ಜಿಯ ಕಡೆ ಕಣ್ಣು ತೋರಿಸಿ ಅಕ್ಕ ದನಿ ಇಳಿಸಿದರು. ಅಜ್ಜಿಯವರು ಆರ್ಯವೈಶ್ಯರು. ಸ್ಕೋಲಿನ್ ಅಂತ ಒಂದು ಔಷಧ ಇದೆ, ಗಂಟಲಿಗೆ ನಳಿಗೆ ಹಾಕಲು ಮೈಯನ್ನು ಒಂದೇ ಸಲಕ್ಕೆ ಸಡಿಲ ಬಿಡಿಸುವಂಥದ್ದು. ಕೊಟ್ಟ ಕೂಡಲೇ ರೆಪ್ಪೆ, ಭುಜ, ತೊಡೆ ಎಲ್ಲ ಪಟಪಟ ಅದುರಿ ಆಮೇಲೆ ಬಟ್ಟೆಯಂತೆ ಬೀಳುತ್ತವೆ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಐದು–ಹತ್ತು ನಿಮಿಷದಲ್ಲಿ ಒಡೆದು ಹಾಕುತ್ತದೆ, ಉಸಿರು ತಾನಾಗಿ ಮರಳುತ್ತದೆ. ಆದರೆ ಆ ಕಿಣ್ವವೇ ಕೆಲಸ ಮಾಡದವರು ಕೆಲವರಿದ್ದಾರೆ. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಅಂಥವರು ಬೇರೆಡೆಗಿಂತ ಹೆಚ್ಚು ಅಂತ ವೈದ್ಯರು ಗುರುತಿಸಿದ್ದಾರೆ. ತಲೆತಲಾಂತರದಿಂದ ಸಂಬಂಧ ಒಳಗೊಳಗೇ ಬೆಳೆಸಿಕೊಂಡು ಬಂದ ಕಡೆ ಒಂದು ಜೀನಿನ ತಪ್ಪು ಹೀಗೆ ನಿಂತುಬಿಡುತ್ತದೆ. ಎಲ್ಲರಿಗೂ ಇರುವುದಿಲ್ಲ, ಇದ್ದವರಿಗೂ ಗೊತ್ತಿರುವುದಿಲ್ಲ. ಸ್ಕೋಲಿನ್ ಮೈಗೆ ಹೋಗುವ ತನಕ ಅದರಿಂದ ತೊಂದರೆಯೂ ಇಲ್ಲ.

“ಒಬ್ಬ ಹುಡುಗನ್ನ ಅಪೆಂಡಿಕ್ಸಿಗೆ ತಗೊಂಡಿದ್ವಿ. ಆಪ್ರೇಷನ್ ಮುಗೀತು. ಹತ್ತ ನಿಮಿಷ ಆತು, ಅರ್ಧ ತಾಸು ಆತು, ಉಸಿರೇ ಇಲ್ಲ. ಹೊರಗ ಅವರವ್ವ ಅಳ್ಲಕ್ಕತ್ಯಾಳ. ನಮ್ಮ ಮೇಡಮ್ ಒಂದಿಷ್ಟೂ ಗಾಬರಿ ಆಗಲಿಲ್ಲ. ಮನಿತನ ಯಾವುದು ಕೇಳ್ಕೊಂಡ ಬಾ ಅಂದ್ರು. ಕೇಳ್ಕೊಂಡ ಬಂದೆ. ಹಂಗಾರ ತಾನ ಇಳಿಯೂತನಕ ವೆಂಟಿಲೇಟರ್ ಮ್ಯಾಲ ಇಡೂಣು ಅಂದು, ಹುಡುಗಗ ಮಂಪರು ಬಿಡಲಾರದಂಗ ಔಷಧ ಹಾಕಿಟ್ರು. ಮೈ ಅಲಗಾಡಲಾರದ ಎಚ್ಚರ ಮಾತ್ರ ಬಂದ್ರ ಏನ್ ಗತಿ ಹೇಳು! ಸಂಜಿಗೆ ಉಸಿರು ಬಂತು. ಮರುದಿನ ಇಡ್ಲಿ ತಿಂದ.”

ಆ ಮನೆಯವರ ಕೈಗೆ ಒಂದು ಚೀಟಿ ಬರೆದುಕೊಟ್ಟರಂತೆ, ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಇದನ್ನು ತೋರಿಸಿ ಅಂತ. ಅಣ್ಣತಮ್ಮಂದಿರಿಗೂ ಹೇಳಿ ಅಂತ. ಹೇಳಿದರೋ, ಚೀಟಿಯನ್ನು ದೇವರ ಗೂಡಿಗೆ ಸೇರಿಸಿದರೋ!

ಏಪ್ರಿಲ್ ಮೊದಲಲ್ಲೇ ಇಲ್ಲಿ ನಲವತ್ತು ಮುಟ್ಟಿಬಿಡುತ್ತದೆ. ಕೂಲರಿಗೆ ನೀರು ಬಿಟ್ಟು ಬಂದು, “ಇಂಥ ಬಿಸಿಲಲ್ಲಿ ಆಪರೇಷನ್ ಬೇಕಿತ್ತಾ ಅಕ್ಕಾ” ಅಂದೆ. ಓಟಿಯಲ್ಲಿ ಏಸಿ ಇರೋದು ಗೊತ್ತಿದ್ದೂ ಕೇಳುವ ಪ್ರಶ್ನೆ. ಅಕ್ಕ ಅಲ್ಲಿಂದ ಹಳೇ ಕಾಲದ ಮತ್ತಿನ ಔಷಧ ಈಥರಿಗೆ ಹೋದರು. ಕಲಬುರ್ಗಿಯಲ್ಲಿ ಟ್ರೇನಿಂಗ್ ಮಾಡುವಾಗ ಅವರು ಈಥರ್ ಕಂಡವರು. “ಸೀರಿ ತೊಳದ್ರೂ ವಾಸನಿ ಹೋಗ್ತಿರಲಿಲ್ಲ. ಬಸ್ಸಿನಾಗ ಮಂದಿ ಸರದು ಕುಂಡ್ರತಿದ್ರು.”

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ಹಲ್ಲಿನ ವೈದ್ಯ ಈಥರ್ ಮೂಸಿಸಿ ತೋರಿಸಿದ್ದು. ಮರುವರ್ಷ ಮಾರ್ಚಿನಲ್ಲಿ ಕಲ್ಕತ್ತೆಗೆ ಬಂದುಬಿಟ್ಟಿತ್ತು. ಆದರೆ ಈಥರ್ ಕುದಿಯುವುದು 34.6 ಡಿಗ್ರಿಗೆ. ಕಾಮಠಿಯ ಮೇ ತಿಂಗಳಲ್ಲಿ ನೆರಳಲ್ಲಿಟ್ಟ ಬಾಟಲಿಯ ಮುಚ್ಚಳ ತೆಗೆದರೂ ಒಲೆ ಬೇಕಿಲ್ಲ, ತಾನೇ ಕುದಿಯುತ್ತದೆ. ರೋಗಿಯ ಮೂಗಿಗೆ ಹೋಗುವುದಕ್ಕಿಂತ ಕೋಣೆಗೆ ಹೋಗುವುದೇ ಹೆಚ್ಚು, ದೀಪ ಹಚ್ಚಿದರೆ ಧಗ್ ಅನ್ನುತ್ತದೆ. ಅದಕ್ಕೇ 1848ರಲ್ಲಿ ಕ್ಲೋರೋಫಾರ್ಮ್ ಬಂದದ್ದೇ ತಡ, ಈ ದೇಶದ ಆಸ್ಪತ್ರೆಗಳು ಅದಕ್ಕೆ ಮುಗಿಬಿದ್ದವು. ಅದು ಕುದಿಯಲು 61 ಡಿಗ್ರಿ ಬೇಕು, ಬೆಂಕಿ ಹತ್ತುವುದಿಲ್ಲ, ವಾಸನೆ ಸಿಹಿ, ಕೆಲಸ ಚುರುಕು. ಒಂದೇ ತೊಂದರೆ: ಆಗಾಗ ಯಾರಾದರೂ ಟೇಬಲ್ಲಿನ ಮೇಲೇ ಸಾಯುತ್ತಿದ್ದರು.

“ಅದರ ಪಂಚಾಯ್ತಿ ನಮ್ಮ ನಿಜಾಮ್ ಸರ್ಕಾರದಾಗ ಆಗ್ಯಾದ, ಗೊತ್ತೇನ ನಿನಗ?” ಅಂತ ಅಕ್ಕ ಸೆರಗು ಸರಿಮಾಡಿಕೊಂಡರು. ಕಲಬುರ್ಗಿಯವರಿಗೆ ನಿಜಾಮರನ್ನು ಬೈಯುವ ಹಕ್ಕೂ ಇದೆ, ಬಿಟ್ಟುಕೊಡದ ಅಭಿಮಾನವೂ ಇದೆ. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ, ಕ್ಲೋರೋಫಾರ್ಮ್ ಹೃದಯ ನಿಲ್ಲಿಸುವುದಿಲ್ಲ, ಉಸಿರು ನೋಡಿಕೊಂಡರೆ ಸಾಕು ಅಂತ ಹಟ ಹಿಡಿದವನು. 1888ರಲ್ಲಿ ಒಂದು ಆಯೋಗ ಮಾಡಿ ನಾಯಿಗಳ ಮೇಲೆ ಪರೀಕ್ಷೆ ನಡೆಸಿದ. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಒಪ್ಪಲಿಲ್ಲ. ಒಪ್ಪದಿದ್ದರೆ ನೀವೇ ಬಂದು ನೋಡಿ ಅಂತ ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಸಾವಿರ ಪೌಂಡ್ ಕೊಟ್ಟ. ಲಾಡರ್ ಬ್ರಂಟನ್ ಎಂಬ ಹೆಸರಾಂತ ವೈದ್ಯ ಹಡಗು ಹತ್ತಿ ಬಂದ. 1889ರಲ್ಲಿ ಎರಡನೇ ಆಯೋಗ, ಮತ್ತೆ ನೂರಾರು ನಾಯಿ, ಮಂಗಗಳು. ಬರುವಾಗ ಲಾರಿಯನ್ನು ನಂಬದೆ ಬಂದವನು ಹೋಗುವಾಗ ಅವನ ಕಡೆಗೇ ವಾಲಿ ಹೋದ. ಅಷ್ಟೆಲ್ಲ ಆಗಿಯೂ ತೀರ್ಪು ತಪ್ಪು. 1911ರಲ್ಲಿ ಗುಡ್‌ಮನ್ ಲೆವಿ ಎಂಬಾತ ಬೆಕ್ಕುಗಳ ಮೇಲೆ ತೋರಿಸಿದ: ಕ್ಲೋರೋಫಾರ್ಮ್ ಕಡಿಮೆ ಇದ್ದಾಗಲೂ ಹೃದಯ ಒಮ್ಮೆಲೇ ತರತರ ನಡುಗಿ ನಿಲ್ಲಬಹುದು.

ಆಯೋಗ ತಪ್ಪಿದರೂ ಹೈದರಾಬಾದಿಗೆ ಒಂದು ಲಾಭ ಆಯಿತು. ಲಾರಿಯ ಕೈಕೆಳಗೆ ಕಲಿತ ರೂಪಾಬಾಯಿ ಫರ್ದೂನ್‌ಜಿ ಆ ಕಾಲದಲ್ಲೇ ಕ್ಲೋರೋಫಾರ್ಮ್ ಕೊಡುವ ವೈದ್ಯೆಯಾಗಿ ನಿಂತರು, ಆಮೇಲೆ ಎಡಿನ್‌ಬರೋಗೂ ಹೋಗಿ ಓದಿದರು. ಜಗತ್ತಿನ ಮೊದಲ ಅರಿವಳಿಕೆ ವೈದ್ಯೆಯರ ಸಾಲಿನಲ್ಲಿ ಅವರ ಹೆಸರು ಹೇಳುತ್ತಾರೆ. ಈಥರ್ ಮಾತ್ರ ನಾತ ಹೊಡೆಯುತ್ತಲೇ, ವಾಂತಿ ಮಾಡಿಸುತ್ತಲೇ ಇನ್ನೂ ಎಷ್ಟೋ ದಶಕ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಉಳಿಯಿತು, ಯಾಕೆಂದರೆ ಅದು ಉಸಿರನ್ನೂ ಹೃದಯವನ್ನೂ ಸುಲಭಕ್ಕೆ ಕೆಡಿಸುವುದಿಲ್ಲ. ಕೈ ಸ್ವಲ್ಪ ತಪ್ಪಿದರೂ ಕ್ಷಮಿಸುವ ಔಷಧ.

“ನಿಮ್ಮ ಮನಿಯವ್ರಿಗೆ ಬೆನ್ನಿಗೇ ಕೊಡ್ತಾರ, ಹರ್ನಿಯಾಕ್ಕ ಅದ ಸಾಕು” ಅಂತ ಅಕ್ಕ ನಮ್ಮ ವಿಷಯಕ್ಕೆ ಮರಳಿದರು.

ಬೆನ್ನಿನ ಸೂಜಿ ಅಂದರೆ ನಮ್ಮ ಹೆಂಗಸರಿಗೆ ಒಂದು ವೈರ. ನನಗೂ ಸಿಸೇರಿಯನ್ನಿಗೆ ಅದನ್ನೇ ಕೊಟ್ಟದ್ದು. ಗದ್ದ ಎದೆಗೆ ಹಚ್ಚಿ ಬೆನ್ನು ಬಾಗಿಸಿ ಕೂರಿಸಿದ್ದರು, ಒಂದು ಇರುವೆ ಕಚ್ಚಿದಷ್ಟು ಚುಚ್ಚು, ಆಮೇಲೆ ಪಾದ ಬೆಚ್ಚಗಾಗಿ, ತೊಡೆ ನನ್ನದಲ್ಲ ಅನ್ನಿಸಿ, ಒಳಗೆ ಎಳೆದಾಟ ಗೊತ್ತಾದರೂ ನೋವು ಗೊತ್ತಾಗಲಿಲ್ಲ. ಒಂದೇ ಸಮನೆ ನಡುಕ ಮಾತ್ರ ಬಂದಿತ್ತು. ಅಲ್ಲಿಂದ ಇಲ್ಲಿಯವರೆಗೆ ಸೊಂಟ ನೋವು ಬಂದಾಗಲೆಲ್ಲ ಆ ಸೂಜಿಗೇ ಶಾಪ ಹಾಕುತ್ತಿದ್ದೆ. ಅಕ್ಕ ಇದನ್ನು ಒಪ್ಪುವವರಲ್ಲ. ಚುಚ್ಚಿದ ಜಾಗ ಎರಡು ದಿನ ನೋಯಬಹುದು, ಸೂಜಿಯ ತೂತಿನಿಂದ ಬೆನ್ನುಹುರಿಯ ನೀರು ಸೋರಿದರೆ ತಲೆನೋವು ಬರಬಹುದು. ಕೂತರೆ ಹೆಚ್ಚು, ಮಲಗಿದರೆ ಕಡಿಮೆ. ಹತ್ತು ವರ್ಷದ ಸೊಂಟ ನೋವು ಸೂಜಿಯದಲ್ಲ, ಬಸುರಿಯದು, ಕೊಡ ಹೊತ್ತದ್ದು, ಮಗುವನ್ನು ಸೊಂಟಕ್ಕೇರಿಸಿ ಒಲೆ ಮುಂದೆ ನಿಂತದ್ದು. ಅತ್ತೆಗೆ ಬೈಯಲಾಗದ್ದಕ್ಕೆ ಸೂಜಿಗೆ ಬೈತೀರಿ ಅಂತ ಮುಖಕ್ಕೇ ಹೇಳಿದರು.

ಆ ತಲೆನೋವು ಬೆನ್ನಿನ ಸೂಜಿಯನ್ನು ಕಂಡುಹಿಡಿದವನನ್ನೂ ಬಿಟ್ಟಿರಲಿಲ್ಲ. 1898ರಲ್ಲಿ ಜರ್ಮನಿಯ ಕೀಲ್ ಊರಿನ ಆಗಸ್ಟ್ ಬೀರ್, ಬೆನ್ನುಹುರಿಯ ನೀರಿಗೆ ಕೊಕೇನ್ ಬಿಟ್ಟು ಕೆಳಗಿನ ಮೈ ಜೋಮು ಹಿಡಿಸಿದ. ತನ್ನ ಮೇಲೆ ಪರೀಕ್ಷೆ ಮಾಡಿಸಿಕೊಳ್ಳುವಾಗ ಸಿರಿಂಜು ಸೂಜಿಗೆ ಕೂರದೆ ನೀರೆಲ್ಲ ಸೋರಿಹೋಯಿತು. ಸಹಾಯಕ ಹಿಲ್ಡೆಬ್ರಾಂಟ್ ಮೇಲೆ ಮಾಡಿದಾಗ ಕೆಲಸ ಆಯಿತು. ಕೆಲಸ ಆಗಿದೆಯೋ ಇಲ್ಲವೋ ನೋಡಲು ಅವನ ಮೊಣಕಾಲಿನ ಕೆಳಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದ, ಉರಿಯುವ ಚುಟ್ಟಾ ಒತ್ತಿದ. ನೋವಿಲ್ಲ! ಇಬ್ಬರೂ ಆ ರಾತ್ರಿ ವೈನ್ ಕುಡಿದು ಸಂಭ್ರಮಿಸಿದರು. ಮರುದಿನದಿಂದ ಇಬ್ಬರಿಗೂ ತಲೆ ಎತ್ತಲಾಗದ ನೋವು, ಹಿಲ್ಡೆಬ್ರಾಂಟನಿಗೆ ಕಾಲಿನ ಬಾವು ಬೇರೆ. ವೈನಿನದ್ದು ಎಷ್ಟು, ಸೂಜಿಯದ್ದು ಎಷ್ಟು ಅಂತ ಲೆಕ್ಕ ಹಾಕುವುದು ಕಷ್ಟ. ಇವತ್ತು ಸೂಜಿ ಬಹಳ ಸಪೂರ, ಕೊಕೇನ್ ಹೋಗಿ ಬುಪಿವಕೇನ್ ಬಂದಿದೆ. ಅದಕ್ಕೆ ಸಕ್ಕರೆ ಬೆರೆಸಿ ಭಾರ ಮಾಡಿರುತ್ತಾರೆ, ತಗ್ಗಿನ ಕಡೆ ಇಳಿಯಲಿ ಅಂತ. ಟೇಬಲನ್ನು ಆ ಕಡೆ ಈ ಕಡೆ ಓರೆ ಮಾಡಿ ಎಲ್ಲಿಯ ತನಕ ಜೋಮು ಬೇಕೋ ಅಲ್ಲಿಯ ತನಕ ಬಿಡುತ್ತಾರೆ. ಬಿಪಿ ಇಳಿಯುತ್ತದೆ, ಅದಕ್ಕೂ ಔಷಧ ಸಿದ್ಧ ಇರುತ್ತದೆ.

“ಮತ್ತ, ನಿನ್ನ ಗಂಡಗ ಚೇಳು ಕಡದಿತ್ತಲ್ಲ, ಗಣಿ ಕಾಲನಿಯಾಗಿದ್ದಾಗ? ಎಷ್ಟ ಸರ್ತಿ?”

“ಎರಡು ಮೂರು ಸಲ ಇರಬೇಕು. ಅದಕ್ಕೂ ಇದಕ್ಕೂ ಏನು ಸಂಬಂಧ?”

ಸಂಬಂಧ ಇದೆಯಂತೆ. ಬುಪಿವಕೇನ್ ಕೆಲಸ ಮಾಡುವುದು ನರದಲ್ಲಿ ಸೋಡಿಯಂ ಒಳಗೆ ಬರುವ ದಾರಿಯನ್ನು ಮುಚ್ಚಿ. ಚೇಳಿನ ವಿಷ ಕೆಣಕುವುದೂ ಅದೇ ದಾರಿಯನ್ನೇ. ಹಲವು ಸಲ ಚೇಳು ಕಡಿಸಿಕೊಂಡವರಿಗೆ ಬೆನ್ನಿನ ಸೂಜಿ ಸರಿಯಾಗಿ ಹತ್ತದ ಪ್ರಕರಣಗಳನ್ನು ನಮ್ಮ ದೇಶದ ಅರಿವಳಿಕೆ ವೈದ್ಯರು ತಮ್ಮ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಕೆಲವೇ ರೋಗಿಗಳ ಕಥೆ ಅದು, ಕಡಿಸಿಕೊಂಡವರಿಗೆಲ್ಲ ಹೀಗಾಗುತ್ತದೆ ಅಂತ ಅಲ್ಲ. ಆದರೂ ಮುಂಚೆ ಗೊತ್ತಿದ್ದರೆ ಡಾಕ್ಟರು ಇನ್ನೊಂದು ದಾರಿ ಸಿದ್ಧ ಇಟ್ಟುಕೊಳ್ಳುತ್ತಾರೆ. ವಿದರ್ಭದಲ್ಲೂ ಕಲಬುರ್ಗಿಯ ತೊಗರಿ ಹೊಲದಲ್ಲೂ ಚೇಳಿಗೇನು ಬರವೇ? ಫಾರ್ಮಿನಲ್ಲಿ ಈ ಪ್ರಶ್ನೆ ಇರುವುದಿಲ್ಲ, ನಾವೇ ಹೇಳಬೇಕು.

“ಬೆನ್ನಿಂದು ಹತ್ತಲಿಲ್ಲಂದ್ರ ಪೂರಾ ಮತ್ತ ಕೊಡಬೇಕಾಗ್ತದ. ಆಗ ಗಂಟಲಾಗ ನಳಿಗಿ ಹಾಕಬೇಕು. ಅದಕ್ಕ ಬಾಯಿ ತೆಗೀಬೇಕು. ನಿನ್ನ ಗಂಡನ ಬಾಯಾಗ ಮೂರು ಬೆರಳು ಹಿಡಸ್ತಾವೇನು, ನೋಡೀಯೇನ?”

“ಯಾಕೆ ಹಿಡಿಸಲ್ಲ?”

“ಇಷ್ಟ ವರ್ಷ ಖರ್ರಾ ತಿಂದಾಂವಗ...” ಅಂದವರು ತಟ್ಟನೆ ನಿಲ್ಲಿಸಿದರು.

ಖರ್ರಾ! ಪ್ಲಾಸ್ಟಿಕ್ ಹಾಳೆಯಲ್ಲಿ ಅಡಿಕೆ ಚೂರು, ತಂಬಾಕು, ಸುಣ್ಣ ಹಾಕಿ, ಪಾನ್ ಟಪರಿಯವನು ಅಂಗೈಯಿಂದ ಗಸಗಸ ಉಜ್ಜಿ ಪೊಟ್ಟಣ ಕಟ್ಟಿಕೊಡುವ ನಾಗಪುರದ ಸರ್ವರೋಗಕಾರಕ. ಅಡಿಕೆ ಬೆಳೆಯುವ ಊರಿನ ಮಗಳು ನಾನು, ಅಡಿಕೆಯ ಮೇಲೆ ನನಗೆ ಕೋಪ ಬರುವುದು ಕಷ್ಟ. ಆದರೆ ಹಗಲಿಡೀ ಕೆನ್ನೆಯಲ್ಲಿಟ್ಟುಕೊಂಡವರ ಒಳಗೆನ್ನೆ ಬಿಳಿಚಿ, ನಾರುನಾರಾಗಿ, ಬರುಬರುತ್ತಾ ಬಾಯಿ ಎರಡು ಬೆರಳಷ್ಟೂ ತೆರೆಯದ ಹಾಗಾಗುವುದನ್ನು ಈ ಊರಲ್ಲಿ ಕಣ್ಣಾರೆ ಕಂಡಿದ್ದೇನೆ. ಮತ್ತು ಕೊಟ್ಟ ಮೇಲೆ ಮೈ ಸಡಿಲವಾಗುತ್ತದೆ, ಆದರೆ ಈ ನಾರು ಸ್ನಾಯುವಲ್ಲ; ಯಾವ ಸ್ಕೋಲಿನ್ನಿಗೂ ಬಗ್ಗುವುದಿಲ್ಲ. ಉಸಿರು ನಿಲ್ಲಿಸಿದ ಮೇಲೆ ಬಾಯಿ ತೆರೆಯುವುದಿಲ್ಲ ಅಂತ ಗೊತ್ತಾದರೆ ಓಟಿಯಲ್ಲಿ ಎಲ್ಲರ ಬೆವರೂ ಇಳಿಯುತ್ತದೆ. ಮೊದಲೇ ಗೊತ್ತಿದ್ದರೆ ರೋಗಿಗೆ ಎಚ್ಚರ ಇರುವಾಗಲೇ ಮೂಗಿನೊಳಗೆ ಜೋಮು ಔಷಧ ಸಿಂಪಡಿಸಿ, ಕ್ಯಾಮೆರಾ ಇರುವ ಸಪೂರ ಕೊಳವೆಯ ಮೇಲೆ ನಳಿಗೆ ಇಳಿಸುತ್ತಾರೆ.

“ಇವರು ಖರ್ರಾ ತಿಂತಾರಾ?” ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು.

“ನಿನಗ ಗೊತ್ತಿಲ್ಲೇನು! ಸಂಜಿಗೆ ವಾಕಿಂಗ್ ಅಂತ ಹೋಗ್ತಾರಲ್ಲ, ಆ ಟಪರಿತನಕ. ಇಡೀ ಓಣಿಗೇ ಗೊತ್ತದ.”

ಸಾಯುವ ಹೆದರಿಕೆಯಿಲ್ಲದ ಮನುಷ್ಯನ ಗುಟ್ಟು ಮಿಡಜೋಲಾಮ್ ಇಲ್ಲದೆಯೇ ಹೊರಬಿತ್ತು.

ಅಕ್ಕನಿಗೂ ಪೇಚಾಯಿತೇನೋ, ಮಾತು ತಿರುಗಿಸಿ ಊಟದ ಕಡೆ ಹೋದರು. ಹಿಂದಿನ ರಾತ್ರಿ ಹಗುರ ಊಟ, ಆಪರೇಷನ್ನಿಗೆ ಆರು ತಾಸು ಇರುವಾಗಲೇ ಬಾಯಿ ಬಂದ್, ಎಣ್ಣೆ ಜಿಡ್ಡಿನದಾದರೆ ಎಂಟು ತಾಸು. ಮತ್ತಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಆಪರೇಷನ್ ಗೆದ್ದರೂ ರೋಗಿ ಸೋಲುತ್ತಾನೆ. ತಿಳಿ ನೀರನ್ನು ಎರಡು ತಾಸು ಮುಂಚಿನ ತನಕ ಕುಡಿಯಬಹುದು. “ಚಹಾ?” ಅಂದೆ. ಹಾಲು ಹಾಕದ ಡಿಕಾಕ್ಷನ್ ಆದರೆ ನೀರಿನ ಲೆಕ್ಕ, ಹಾಲು ಬಿತ್ತೆಂದರೆ ಊಟದ ಲೆಕ್ಕ. “ಸಂತ್ರಾ ರಸ?” ನಾಗಪುರದಲ್ಲಿದ್ದು ಇದನ್ನು ಕೇಳದಿದ್ದರೆ ಹೇಗೆ! ಎಳೆ ಇಲ್ಲದಂತೆ ಸೋಸಿ ತಿಳಿ ಮಾಡಿದ್ದು ಸರಿ, ನಾವು ಮನೆಯಲ್ಲಿ ಹಿಂಡುವುದು ಊಟದ ಲೆಕ್ಕವೇ. ವಾಂತಿ ಆಗುತ್ತದಾ ಅಂದರೆ, ಅದು ಹೆಂಗಸರಿಗೆ, ಬಸ್ಸಿನಲ್ಲಿ ತಲೆ ಸುತ್ತುವವರಿಗೆ, ಬೀಡಿ ಸಿಗರೇಟು ಸೇದದವರಿಗೆ ಹೆಚ್ಚಂತೆ. ಸೇದುವವರಿಗೆ ಕಡಿಮೆ. ಇದನ್ನು ಮಾತ್ರ ಮನೆಗೆ ಹೋಗಿ ಹೇಳಬೇಡ ಅಂತ ಅಕ್ಕನೇ ಎಚ್ಚರಿಸಿದರು.

ಒಳಗೆ ಬಂದಾಗ ಯಜಮಾನರು ಆಸ್ಪತ್ರೆಯವರು ಕೊಟ್ಟ ಫಾರ್ಮನ್ನು ತುಂಬುತ್ತಾ ಕೂತಿದ್ದರು. ಕೈಯಿಂದ ಕಿತ್ತುಕೊಂಡು ನೋಡಿದೆ. ‘ಇಲ್ಲ, ಇಲ್ಲ, ಇಲ್ಲ’ ಅಂತ ಮೇಲಿಂದ ಕೆಳತನಕ ಒಂದೇ ಗೆರೆ ಎಳೆದಿದ್ದರು.

“ಬಾಯಿ ತೆಗೀರಿ” ಅಂದೆ.

“ಯಾಕೆ?”

“ತೆಗೀರಿ ಅಂದೆ.”

ಎರಡು ಬೆರಳು ಸಲೀಸಾಗಿ ಹಿಡಿಸಿದವು. ಮೂರನೆಯದು ಹಲ್ಲಿಗೆ ತಾಗಿತು. ಪೆನ್ನು ತೆಗೆದು ಎರಡನೇ ‘ಇಲ್ಲ’ ಹೊಡೆದು ಹಾಕಿ ‘ಖರ್ರಾ’ ಅಂತ ಬರೆದೆ, ಪಕ್ಕದಲ್ಲಿ ‘ಚೇಳು’ ಅಂತಲೂ ಸೇರಿಸಿದೆ. ಅವರು ಬಹಳ ಹೊತ್ತು ಸುಮ್ಮನೆ ಫಾರ್ಮನ್ನೇ ನೋಡಿ, ಖರ್ರಾ ಹೊಡೆದು ಹಾಕಿ ‘ಅಡಿಕೆ’ ಅಂತ ಬರೆಯಬಹುದಾ, ಹೇಗಿದ್ದರೂ ನಿಮ್ಮೂರಿನದೇ ಅಲ್ವಾ, ಅಂದರು.